ಹೊನ್ನಿಯ ಒಡ್ಡು

"ಸಾವಿಗೆ ಅಂಜಬಾರದು ಎಂದು ನಮಗೆ ಹೇಳಿಕೊಡುತ್ತೀರಿ. ಹಾಗಿದ್ದ ಮೇಲೆ ನೀವು ದಿನಾ ಬೆಳಿಗ್ಗೆ ಎದೆಗೆಂದು ಆ ಗುಳಿಗೆ ನುಂಗುವುದೇಕೆ?" ಎಂದು ಶಿಷ್ಯ ಕೇಳಿದ.

ಶಿಷ್ಯ ಹುಡುಗನಲ್ಲ, ಐವತ್ತರ ಆಸುಪಾಸಿನವನು. ಇಪ್ಪತ್ತು ವರ್ಷ ಲಾರಿ ಓಡಿಸಿ, ಅದನ್ನು ಬಿಟ್ಟು ಗುರುವಿನ ಬಳಿಗೆ ಬಂದಿದ್ದ. ಕೇಳಬೇಕಾದ್ದನ್ನು ಮುಖಕ್ಕೆ ಹೊಡೆದಂತೆ ಕೇಳುವುದು ಅವನ ರೂಢಿ. ಪಕ್ಕದಲ್ಲಿ ಕೂತವರು ತಲೆ ತಗ್ಗಿಸಿದರು.

ಗುರು ಗುಳಿಗೆಯನ್ನು ಬಾಯಿಗೆ ಹಾಕಿ, ನೀರು ಕುಡಿದು, ಲೋಟ ಕೆಳಗಿಟ್ಟ.

"ನುಂಗುತ್ತೇನೆ. ನಾಳೆ ವೈದ್ಯರು ಎರಡು ನುಂಗು ಎಂದರೆ ಎರಡು ನುಂಗುತ್ತೇನೆ. ಅದರಲ್ಲಿ ನಾಚಿಕೆ ಏನು ಬಂತು? ಕೂತುಕೋ, ಹೇಳುತ್ತೇನೆ. ಇದು ಯಾರೋ ಹೇಳಿ ಕೇಳಿದ್ದಲ್ಲ, ನಾನೇ ನಿಂತು ನೋಡಿದ್ದು. ಬರೀ ನೋಡಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಾನು ಅಲ್ಲಿ ಬಾಯಿಯನ್ನೂ ಹಾಕಿದೆ."

ಗುರು ಹೀಗೆ ಹೇಳತೊಡಗಿದ.

ಹೊಳೆಯೊಂದು ಕಡಲು ಸೇರುವ ಕಡೆ ಒಂದು ಉಪ್ಪಿನ ಆಗರವಿತ್ತು. ಅದರಲ್ಲಿ ನಲವತ್ತು ಪಾತಿ. ಉಬ್ಬರದ ನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವುದು ಅಲ್ಲಿಯವರ ಕೆಲಸ. ಆಗರದ ಮೂಲೆಯಲ್ಲಿ ಆಗರದಮ್ಮನ ಗುಡಿ. ಆಗ ನನಗೆ ಇಪ್ಪತ್ತೆಂಟು ವರ್ಷ. ಹೊಸದಾಗಿ ಕಾವಿ ಉಟ್ಟಿದ್ದೆ. ಸುತ್ತುತ್ತ ಸುತ್ತುತ್ತ ಆ ಗುಡಿಗೆ ಬಂದು ಬಿದ್ದಿದ್ದೆ. ಅಲ್ಲಿಯ ಜನ ಕೈಯೆತ್ತಿ ಅನ್ನ ಹಾಕುತ್ತಿದ್ದರು, ನಾನು ಕೈಯೆತ್ತಿ ಆಶೀರ್ವಾದ ಮಾಡುತ್ತಿದ್ದೆ.

ಆಗರದ ಯಜಮಾನನ ಹೆಸರು ಹಮ್ಮಣ್ಣ. ಅವನ ನಾಲಗೆ ಆ ಸೀಮೆಗೆಲ್ಲ ಹೆಸರುವಾಸಿ. ಬೆಳಗಾದರೆ ನಲವತ್ತು ಪಾತಿಯ ನೀರಿಗೂ ಬೆರಳದ್ದಿ ನೆಕ್ಕಿ ನೋಡುತ್ತಿದ್ದ. ಇದಕ್ಕೆ ಇನ್ನೆರಡು ದಿನ ಬೇಕು, ಇದನ್ನು ಇವತ್ತೇ ಎಳೆಯಿರಿ ಎನ್ನುತ್ತಿದ್ದ. ಅವನ ಮಾತು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅಲ್ಲಿ ನಾಲಗೆ ಇದ್ದವನೇ ಯಜಮಾನ. ಅವನ ಅಪ್ಪನಿಗೆ ಆ ನಾಲಗೆ ಇತ್ತು, ಅಣ್ಣನಿಗೂ ಇತ್ತು. ಇಬ್ಬರೂ ಐವತ್ತು ತುಂಬುವ ಮೊದಲೇ ಎದೆ ಹಿಡಿದುಕೊಂಡು ಆಗರದಲ್ಲೇ ಸತ್ತಿದ್ದರು. ಹಮ್ಮಣ್ಣನಿಗೆ ಆಗ ನಲವತ್ತೊಂಬತ್ತು.

ಅವರಿಬ್ಬರೂ ಹೇಗೆ ಸತ್ತರು ಎಂಬುದನ್ನು ನೀನು ತಿಳಿಯಬೇಕು.

ಅಲ್ಲಿ ಒಂದು ಕಟ್ಟಳೆ ಇತ್ತು. ಆಗರದಲ್ಲಿ ಯಾರಾದರೂ ಬಿದ್ದರೆ ಅವರನ್ನು ಎತ್ತಿ ಉಪ್ಪಿನ ರಾಶಿಯ ಮೇಲೆ ಮಲಗಿಸಬೇಕು. ಬಾಯಿಗೆ ಒಂದು ಹಿಡಿ ಉಪ್ಪು ಇಟ್ಟು ನೀರು ಬಿಡಬೇಕು. ಆಮೇಲೆ ಯಾರೂ ಮುಟ್ಟಬಾರದು. ಆಗರದಮ್ಮ ಇಟ್ಟುಕೊಂಡರೆ ಎದ್ದು ಬರುತ್ತಾನೆ, ಕರೆದುಕೊಂಡರೆ ಹೋಗುತ್ತಾನೆ. ಎದ್ದು ಬಂದವನಿಗೆ ಮರ್ಯಾದೆ ಎರಡರಷ್ಟು. ಹೋದವನಿಗೆ ಒಡ್ಡಿನ ಮೇಲೆ ಒಂದು ಕಲ್ಲು. ಆದರೆ ನಡುವೆ ರಾಶಿಯಿಂದ ಇಳಿದು ಹೋದವನು ಅಮ್ಮನಿಗೆ ಬೆನ್ನು ತೋರಿಸಿದವನು. ಅಂಥವನು ಮತ್ತೆ ಆಗರಕ್ಕೆ ಕಾಲಿಡಬಾರದು.

ಈ ಕಟ್ಟಳೆ ಹುಚ್ಚರು ಮಾಡಿದ್ದಲ್ಲ. ಆಗರದ ಬಿಸಿಲಿಗೆ ಬೆವರು ಬತ್ತಿ ಜನ ತಲೆ ತಿರುಗಿ ಬೀಳುತ್ತಿದ್ದರು. ಅಂಥವರಿಗೆ ಉಪ್ಪುನೀರು ಕುಡಿಸಿ ಮಲಗಿಸಿದರೆ ಗಳಿಗೆ ಹೊತ್ತಿಗೆ ಎದ್ದು ಕೂರುತ್ತಿದ್ದರು. ಹತ್ತರಲ್ಲಿ ಎಂಟು ಮಂದಿ ಹಾಗೆ ಎದ್ದದ್ದನ್ನು ಅಜ್ಜಂದಿರು ಕಂಡಿದ್ದರು. ಉಳಿದ ಇಬ್ಬರು ಬಿಸಿಲಿಗೆ ಬಿದ್ದವರಲ್ಲ, ಎದೆ ಕಟ್ಟಿ ಬಿದ್ದವರು. ಅವರಿಗೂ ಅದೇ ಉಪ್ಪು, ಅದೇ ರಾಶಿ. ಅವರು ಸತ್ತಾಗ ಮದ್ದು ತಪ್ಪಿತು ಎಂದು ಯಾರಿಗೂ ಅನ್ನಿಸಲಿಲ್ಲ, ದೇವಿ ಕರೆದಳು ಎಂದರು. ಬದುಕಿದರೆ ಮದ್ದಿನಿಂದ, ಸತ್ತರೆ ದೇವರಿಂದ. ಈ ಲೆಕ್ಕದಲ್ಲಿ ಮದ್ದು ಸೋಲುವುದೇ ಇಲ್ಲ ನೋಡು!

ಆ ವರ್ಷ ಉಪ್ಪಿನ ಕಾಲ ಶುರುವಾಗುವ ಮೊದಲು ಪಾತಿಯ ತಳಕ್ಕೆ ಜೇಡಿಮಣ್ಣು ಹಾಕಿ ತುಳಿಯುತ್ತಿದ್ದರು. ಹಮ್ಮಣ್ಣ ಬುಟ್ಟಿ ಹೊತ್ತು ಒಡ್ಡು ಹತ್ತುವಾಗ ಅರ್ಧಕ್ಕೆ ನಿಂತುಬಿಟ್ಟ. ಹಿಂದೆ ಬರುತ್ತಿದ್ದ ಹೆಂಡತಿ ಹೊನ್ನಿ ನೋಡಿದಳು.

"ಎಂತ ಆಯ್ತು?"

"ಎಂತದೂ ಇಲ್ಲ. ಮೋಡ ನೋಡ್ದೆ."

ಆಕಾಶದಲ್ಲಿ ಮೋಡವೇ ಇರಲಿಲ್ಲ. ಮರುದಿನವೂ ಅವನು ಅದೇ ಜಾಗದಲ್ಲಿ ಮೋಡ ನೋಡಿದ. ಹೊನ್ನಿ ಅಲ್ಲಿ ಜಗಳ ಮಾಡಲಿಲ್ಲ. ವಾರಕ್ಕೊಮ್ಮೆ ಹೊಳೆಯಾಚೆಗೆ ಬರುವ ಸರಕಾರಿ ನರ್ಸಮ್ಮನ ಹತ್ತಿರ ಅವನನ್ನು ಎಳೆದುಕೊಂಡು ಹೋದಳು. ಕಾಲಿಗೆ ತಾಗಿದ ಗಾಯ ತೋರಿಸುವ ನೆಪ ಹೇಳಿ ಕರೆದೊಯ್ದಳು.

ನರ್ಸಮ್ಮ ಅವನ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹೊಡೆದು ನೋಡಿದರು. ಎರಡನೇ ಸಲ ನೋಡಿದರು. ಆಮೇಲೆ ಅವನ ಅಪ್ಪ, ಅಣ್ಣ ಹೇಗೆ ಸತ್ತರೆಂದು ಕೇಳಿದರು. ಅವನು ಹೆಮ್ಮೆಯಿಂದಲೇ ಹೇಳಿದ.

"ಒತ್ತಡ ತುಂಬ ಏರಿದೆ ಹಮ್ಮಣ್ಣ. ಇದು ನೋಯುವುದಿಲ್ಲ, ಕೂಗುವುದಿಲ್ಲ, ಒಳಗೇ ಕೆಲಸ ಮಾಡುತ್ತದೆ. ಎದೆ ಮೈಗೆಲ್ಲ ರಕ್ತ ಹಂಚುತ್ತದೆ, ಸರಿ. ಅದಕ್ಕೂ ಹೊಟ್ಟೆ ಇದೆಯಲ್ಲ? ಅದಕ್ಕೆ ರಕ್ತ ತರುವ ನಾಳ ಒಳಗೊಳಗೇ ಕಟ್ಟಿಕೊಳ್ಳುತ್ತ ಬರುತ್ತದೆ. ಪೂರ್ತಿ ಕಟ್ಟಿಕೊಂಡ ದಿನ ಎದೆಯ ಆ ಭಾಗ ಸಾಯುತ್ತದೆ."

"ಕಾಲುವೆ ಹೂಳು ತುಂಬಿದ್ರೆ ಕೊನೇ ಪಾತಿ ಬಿರುಕು ಬಿಡ್ತದೆ, ಹಂಗೆ" ಎಂದ ಹಮ್ಮಣ್ಣ. ಅವನು ದಡ್ಡನಲ್ಲ.

"ಹಾಗೆಯೇ. ಹೊಗೆಸೊಪ್ಪು ಬಿಡಬೇಕು. ಊಟದಲ್ಲಿ ಉಪ್ಪು ಇಳಿಸಬೇಕು. ಈ ಗುಳಿಗೆ ದಿನಾ ತಿನ್ನಬೇಕು, ಮೈ ಹಗುರಾಯಿತು ಎಂದು ನಿಲ್ಲಿಸಬಾರದು."

ಉಪ್ಪು ಇಳಿಸಬೇಕು ಎಂದದ್ದೇ ತಡ, ಹಮ್ಮಣ್ಣ ನಕ್ಕುಬಿಟ್ಟ. ದೋಣಿ ಹತ್ತುವವರೆಗೂ ನಕ್ಕ. ದೋಣಿ ಹೊಳೆಯ ನಡುವೆ ಬಂದಾಗ ಗುಳಿಗೆಯ ಪೊಟ್ಟಣವನ್ನು ನೀರಿಗೆ ಎಸೆದ.

"ಇಡೀ ಜಿಲ್ಲೆಗೆ ಉಪ್ಪು ಉಣ್ಸಿದ ಮನೆ ನಮ್ದು. ನಾನು ಉಪ್ಪಿಗೆ ಹೆದರೂದಾ? ನಾನು ಯಾರಿಗೂ ಹೆದರಿದವ ಅಲ್ಲ ಮಾರಾಯ್ತಿ" ಎಂದ.

ತಲೆ ಗಟ್ಟಿ ಇದೆ ಎಂದು ಬಂಡೆಗೆ ಚಚ್ಚಿಕೊಳ್ಳುವವರನ್ನು ನೀನೂ ನೋಡಿರಬಹುದು. ಅಂಥವರ ಧೈರ್ಯಕ್ಕೆ ಊರು ಚಪ್ಪಾಳೆ ತಟ್ಟುತ್ತದೆ. ಅಂಬಿಗ ಆ ಮಾತನ್ನು ಸಂಜೆಯೊಳಗೆ ಆಗರಕ್ಕೆಲ್ಲ ಮುಟ್ಟಿಸಿದ. ನಾನೂ ಕೇಳಿ ಭೇಷ್ ಎಂದೆ.

ಹೊನ್ನಿ ಮಾತ್ರ ಮುಂದಿನ ವಾರ ಒಬ್ಬಳೇ ಹೊಳೆ ದಾಟಿದಳು. ನರ್ಸಮ್ಮನ ಮುಂದೆ ಕೂತು ಒಂದೊಂದಾಗಿ ಕೇಳಿದಳು. ಬಿಸಿಲಿಗೆ ಬಿದ್ದವನು ಯಾವನು, ಎದೆ ಕಟ್ಟಿ ಬಿದ್ದವನು ಯಾವನು ಎಂದು ಹೇಗೆ ತಿಳಿಯುವುದು? ನರ್ಸಮ್ಮ ಹೇಳಿದರು: ಎದೆಯ ಮೇಲೆ ಭಾರ ಕೂತಂತೆ ಆಗುತ್ತದೆ, ನೋವು ದವಡೆಗೆ, ಬೆನ್ನಿಗೆ, ತೋಳಿಗೆ ಹಬ್ಬುತ್ತದೆ, ಉಸಿರು ಸಾಲದೆ ಹೋಗುತ್ತದೆ, ಬೆವರು ತಣ್ಣಗಿರುತ್ತದೆ. ಕೆಲವರಿಗೆ ಎದೆ ನೋಯುವುದೇ ಇಲ್ಲ, ಹೆಂಗಸರಿಗಂತೂ ಬರೀ ಸುಸ್ತು, ವಾಕರಿಕೆ ಎಂದು ಬರುವುದೂ ಉಂಟು. ಸಂಶಯ ಬಂದರೆ ಕಾಯಬಾರದು. ಆಸ್ಪತ್ರೆಗೆ ಮುಟ್ಟಿಸಬೇಕು. ಒಂದೊಂದು ಗಳಿಗೆಗೂ ಎದೆಯ ಒಂದೊಂದು ತುಣುಕು ಸಾಯುತ್ತಿರುತ್ತದೆ. ಕೊನೆಗೆ ನರ್ಸಮ್ಮ ಒಂದು ಗುಳಿಗೆ ಕೊಟ್ಟು, ಹಾಗಾದ ದಿನ ಇದನ್ನು ನುಂಗಿಸಬೇಡ, ಅಗಿಸು ಎಂದರು. ಹೊನ್ನಿ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಉಪ್ಪಿನ ಕಾಲ ಶುರುವಾಗುವ ದಿನ ಆಗರದಲ್ಲಿ ಒಂದು ಊಟ. ಯಜಮಾನನ ಮನೆಯವಳು ಎಲ್ಲರ ಎಲೆಗೂ ಒಂದು ಹಿಡಿ ಉಪ್ಪು ಬಡಿಸಬೇಕು. ಅದನ್ನು ಅನ್ನದೊಡನೆ ಕಲಸಿ ಪೂರ್ತಿ ಉಣ್ಣಬೇಕು. ಉಪ್ಪು ತಿಂದ ಮನೆಗೆ ಎರಡು ಬಗೆಯುವುದಿಲ್ಲ ಎಂಬ ಮಾತಿಗೆ ಅದು ಸಾಕ್ಷಿ. ಹೊನ್ನಿ ಸಾಲಿನಲ್ಲಿ ಬಡಿಸುತ್ತ ಬಂದಳು. ಗಂಡನ ಎಲೆಯ ಹತ್ತಿರ ಬಂದಾಗ ಬಡಿಸದೆ ದಾಟಿದಳು. ತನ್ನ ಎಲೆಗೂ ಹಾಕಿಕೊಳ್ಳಲಿಲ್ಲ.

ಎಲ್ಲರ ಕೈ ನಿಂತಿತು. ಆಗರದ ಹಿರಿಯ ಗೊಯ್ದಜ್ಜ ಎದ್ದು ನಿಂತ.

"ಯಾರ ಮನೆ ಸೊಸೆ ನೀನು?"

"ಇದೇ ಆಗರದ ಸೊಸೆ. ಮಾವನ್ನ ರಾಶಿ ಮೇಲೆ ಮಲಗ್ಸಿದ್ರಿ. ಬಾವನ್ನ ಮಲಗ್ಸಿದ್ರಿ. ಇವ್ರನ್ನ ಮಲಗ್ಸೂಕೆ ನಾನು ಬಿಡೂದಿಲ್ಲ."

"ಅಮ್ಮ ಕರ್ದವ್ರನ್ನ ತಡೀಲಿಕ್ಕೆ ನೀನು ಯಾರೆ?"

"ಕರಿಯೂದಾದ್ರೆ ನನ್ನ ಕೇಳಿ ಕರೀಲಿ."

ಗೊಯ್ದಜ್ಜ ನನ್ನ ಕಡೆ ನೋಡಿದ. ಕಾವಿ ಉಟ್ಟವನು ಎರಡು ಮಾತು ಹೇಳಲಿ ಎಂದು. ನಾನು ಹೇಳಿದೆ. ಹುಟ್ಟಿದವನು ಸಾಯಲೇಬೇಕು, ಹಣೆಯಲ್ಲಿ ಬರೆದದ್ದನ್ನು ಅಳಿಸಲಾಗದು, ಹೆಂಗಸಿಗೆ ಇಷ್ಟು ಹಠ ಸಲ್ಲದು ಎಂದೆ. ಹೊಟ್ಟೆ ತುಂಬಿದವನ ವೇದಾಂತ. ಹೊನ್ನಿ ನನ್ನನ್ನು ಒಂದು ಸಲ ನೋಡಿದಳು, ಅಷ್ಟೇ. ಉತ್ತರ ಕೊಡುವಷ್ಟು ಬೆಲೆಯನ್ನೂ ಕೊಡಲಿಲ್ಲ. ಹಮ್ಮಣ್ಣ ಎದ್ದು ತಾನೇ ಅವಳ ಕೈಯ ಮರಿಗೆಗೆ ಕೈ ಹಾಕಿ ಎರಡು ಹಿಡಿ ಉಪ್ಪು ತೆಗೆದು ಎಲ್ಲರೆದುರು ತಿಂದ. ಗಂಡಸರು ಹೋ ಎಂದರು. ಆ ಕಾಲ ಮುಗಿಯುವವರೆಗೆ ಹೊನ್ನಿ ಪಾತಿಗೆ ಇಳಿಯಬಾರದು ಎಂದು ತೀರ್ಮಾನವಾಯಿತು.

ಪಾತಿಗೆ ಇಳಿಯಬೇಡ ಎಂದರೆ ಅವಳು ಮನೆಯಲ್ಲಿ ಕೂರುತ್ತಾಳೆ ಎಂದುಕೊಂಡಿದ್ದರು. ಅವಳು ಒಡ್ಡು ಹಿಡಿದಳು.

ಆಗರದಿಂದ ದೋಣಿ ನಿಲ್ಲುವ ಜಾಗಕ್ಕೆ ಒಂದೇ ದಾರಿ, ಎರಡು ಕಡೆ ಕೆಸರಿನ ನಡುವೆ ಹೋಗುವ ಒಂದು ಒಡ್ಡು. ಅದರ ಮೇಲೆ ಒಬ್ಬ ನಡೆಯಬಹುದು. ಎದುರಿಗೆ ಇನ್ನೊಬ್ಬ ಬಂದರೆ ಯಾರಾದರೂ ಕೆಸರಿಗೆ ಇಳಿಯಬೇಕು. ಮಲಗಿದ ಮನುಷ್ಯನನ್ನು ನಾಲ್ಕು ಜನ ಹೊತ್ತು ಅದರ ಮೇಲೆ ಹೋಗುವುದು ಆಗದ ಮಾತು. ಹೊನ್ನಿ ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಜೇಡಿಮಣ್ಣು ತುಂಬುವಳು, ಬುಟ್ಟಿ ಹೊತ್ತು ತರುವಳು, ಒಡ್ಡಿನ ಬದಿಗೆ ಸುರಿದು ಕಾಲಲ್ಲಿ ತುಳಿಯುವಳು. ದಿನಕ್ಕೆ ಒಂದು ಮಾರು, ಎರಡು ಮಾರು. ಉಬ್ಬರ ಬಂದು ಒಮ್ಮೊಮ್ಮೆ ಕಟ್ಟಿದ್ದನ್ನು ತಿಂದು ಹೋಗುತ್ತಿತ್ತು. ಮತ್ತೆ ಅಲ್ಲಿಂದಲೇ ಶುರು ಮಾಡುವಳು.

ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? "ಯಾರ ದಿಬ್ಬಣ ಬತ್ತದೆ ಹೊನ್ನಿ, ಇಷ್ಟು ಅಗಲ ರಸ್ತೆ?" ಎಂದು ಕೇಳುತ್ತಿದ್ದರು.

"ಬರೂದಲ್ಲ, ಹೋಗೂದು" ಎನ್ನುತ್ತಿದ್ದಳು ಅವಳು, ಬುಟ್ಟಿ ಇಳಿಸದೆ.

ಹಮ್ಮಣ್ಣ ಅದೇ ಒಡ್ಡಿನ ಮೇಲೆ ದಿನಾ ಓಡಾಡುತ್ತಿದ್ದ. ಅವಳು ಕಟ್ಟಿದ ಭಾಗದ ಮೇಲೆ ಕಾಲಿಡುತ್ತಿರಲಿಲ್ಲ. ಹಳೆಯ ಅಂಚಿನ ಮೇಲೆಯೇ ಒಂದು ಕಾಲಿನ ಮುಂದೆ ಇನ್ನೊಂದು ಕಾಲಿಟ್ಟು ನಡೆಯುವನು, ಎದುರಿಗೆ ಯಾರಾದರೂ ಬಂದರೆ ಕೆಸರಿಗೆ ಇಳಿಯುವನು. ಮನೆಯಲ್ಲಿ ಅವಳು ಉಪ್ಪಿಲ್ಲದೆ ಬೇಯಿಸುವಳು. ಅವನು ಸೊಂಟದ ಚೀಲದಿಂದ ಉಪ್ಪು ತೆಗೆದು ಉದುರಿಸಿಕೊಳ್ಳುವನು. ಒಣಮೀನು, ಹೊಗೆಸೊಪ್ಪು ಮೊದಲಿಗಿಂತ ಜಾಸ್ತಿಯಾಯಿತು. ಹೆಂಡತಿಯ ಹಠಕ್ಕೆ ಹಠ. ಮೂರು ತಿಂಗಳು ಒಂದೇ ಮನೆಯಲ್ಲಿ ಹೀಗೆ ನಡೆಯಿತು. ಆಗರ ಅವನ ಪರ. ನಾನೂ ಅವನ ಪರ.

ಅವಳು ಒಡ್ಡು ಮುಗಿಸಿದಾಗ ಚೈತ್ರ ಕಳೆದಿತ್ತು. ಮುಗಿಸಿ ಅಂಬಿಗನ ಹತ್ತಿರ ಹೋಗಿ, ದಡದಲ್ಲಿ ಕೆಂಪು ಬಟ್ಟೆ ಏರಿಸಿದರೆ ಎಲ್ಲಿದ್ದರೂ ದೋಣಿ ತರಬೇಕು ಎಂದು ಮಾತು ತೆಗೆದುಕೊಂಡಳು. ಅಂಬಿಗ ನಗುತ್ತ ಒಪ್ಪಿದ.

ಅದಾಗಿ ಎಂಟನೇ ದಿನ. ಬೆಳಗಿನಿಂದ ಹಮ್ಮಣ್ಣನ ದವಡೆ ನೋಯುತ್ತಿತ್ತು. ಹಲ್ಲುನೋವು ಎಂದು ಅಲ್ಲಿ ಹೊಗೆಸೊಪ್ಪು ಇಟ್ಟುಕೊಂಡ. ಪಾತಿಯ ನೀರು ನೋಡುತ್ತ ಬಂದ. ಇಪ್ಪತ್ತೆರಡನೇ ಪಾತಿಯಲ್ಲಿ ಬೆರಳು ಅದ್ದಿದವನು ನಾಲಗೆಗೆ ಮುಟ್ಟಿಸಲಿಲ್ಲ. ಮೊಣಕಾಲೂರಿ ಕೂತ. ಹಾಗೇ ಪಕ್ಕಕ್ಕೆ ವಾಲಿದ.

ಜನ ಓಡಿ ಬಂದರು. ನಾನೂ ಓಡಿ ಬಂದೆ. ಎತ್ತಿ ರಾಶಿಯ ಮೇಲೆ ಮಲಗಿಸಿದರು. ಗೊಯ್ದಜ್ಜ ಹಿಡಿ ಉಪ್ಪು ತೆಗೆದು ಅವನ ಬಾಯಿಗೆ ಇಟ್ಟ. ಹಮ್ಮಣ್ಣನಿಗೆ ಪ್ರಜ್ಞೆ ಇತ್ತು. ಕಣ್ಣು ತೆರೆದೇ ಇದ್ದ. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದು ನಿಂತರು. ಎಂಥ ಜನ ಅಂದುಕೊಳ್ಳಬೇಡ, ಅವರಲ್ಲಿ ಅರ್ಧ ಜನ ಅಳುತ್ತಿದ್ದರು. ಅವನನ್ನು ಅವರು ಪ್ರೀತಿಸುತ್ತಿದ್ದರು. ಪ್ರೀತಿಯಿಂದಲೇ ಕೊಲ್ಲುತ್ತಿದ್ದರು.

ಹೊನ್ನಿ ಬಂದಳು. ಜನರನ್ನು ಮೊಣಕೈಯಿಂದ ನೂಕಿಕೊಂಡು ರಾಶಿ ಹತ್ತಿದಳು. ಅವನ ಹಣೆ ಮುಟ್ಟಿದಳು. ಬೆವರು ತಣ್ಣಗಿತ್ತು. ಬೆರಳು ಹಾಕಿ ಬಾಯಿಯ ಉಪ್ಪನ್ನೆಲ್ಲ ಬಳಿದು ತೆಗೆದಳು.

"ಇದು ಬಿಸಿಲಲ್ಲ. ಎತ್ತಿ" ಎಂದಳು.

ಯಾರೂ ಅಲುಗಲಿಲ್ಲ. ಗೊಯ್ದಜ್ಜ ಗಟ್ಟಿಯಾಗಿ ಹೇಳಿದ, "ಇಳ್ಸಿದ್ರೆ ಅವ ಮತ್ತೆ ಯಜಮಾನ ಅಲ್ಲ. ಆಗರ ಅವನಿಗಿಲ್ಲ. ಅವನನ್ನೇ ಕೇಳು, ಬೇಕಾ ಅಂತ."

ಇದು ಸರಿಯಾದ ಮಾತು ಎಂದು ನನಗೂ ತೋರಿತು. ಎಲ್ಲರೂ ಹಮ್ಮಣ್ಣನ ಮುಖ ನೋಡಿದರು. ಅವನ ಉತ್ತರ ನಮಗೆಲ್ಲ ಗೊತ್ತಿತ್ತು. ಯಾರಿಗೂ ಹೆದರದವನು. ಎರಡು ಹಿಡಿ ಉಪ್ಪು ತಿಂದು ತೋರಿಸಿದವನು. ಅವನು ಈಗ ಬೇಡ ಎಂದು ತಲೆ ಆಡಿಸಿದರೆ ಸಾಕು, ಒಡ್ಡಿನ ಮೇಲೆ ಅಪ್ಪನ ಕಲ್ಲಿಗಿಂತ ದೊಡ್ಡ ಕಲ್ಲು ನಿಲ್ಲುತ್ತಿತ್ತು.

ಹೊನ್ನಿ ಬಗ್ಗಿ ಅವನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು. ಆದರೆ ಗಟ್ಟಿಯಾಗಿಯೇ ಕೇಳಿದಳು. "ಹೆದ್ರಿಕೆ ಆಗ್ತದಾ?"

ಅವನು ಕಣ್ಣು ಹೊರಳಿಸಿ ಸುತ್ತ ನೋಡಿದ. ನಲವತ್ತು ಪಾತಿಯ ಜನ ನಿಂತಿದ್ದರು, ಅವನ ಗೆಳೆಯರು, ಅವನು ಬೈದವರು, ಅವನನ್ನು ನೋಡಿ ಮೀಸೆ ಬಿಟ್ಟವರು.

"ಹೆದ್ರಿಕೆ ಆಗ್ತದೆ" ಎಂದ ಹಮ್ಮಣ್ಣ. "ನಂಗೆ ಸಾಯೂಕೆ ಮನಸ್ಸಿಲ್ಲ. ಎತ್ತಿ."

ಕೇಳಿದೆಯಾ? ಅವನು ಜೀವಮಾನದಲ್ಲಿ ಆಡಿದ ಮಾತುಗಳಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿರಲಿಲ್ಲ. ಉಪ್ಪು ತಿಂದು ತೋರಿಸುವಾಗ ಊರು ಅವನ ಬೆನ್ನಿಗಿತ್ತು. ಈ ಮಾತು ಆಡುವಾಗ ಊರು ಎದುರಿಗಿತ್ತು.

ಹೊನ್ನಿ ಸೆರಗಿನ ಗಂಟು ಬಿಚ್ಚಿ ಗುಳಿಗೆ ಅವನ ಬಾಯಿಗಿಟ್ಟಳು. "ಅಗೀರಿ" ಎಂದಳು. ಅವನು ಅಗಿದ. ಅವಳು ಒಂದು ಗೋಣಿಯ ಹಾಸು ಎಳೆದು ತಂದು ಅವನ ಕೆಳಗೆ ಸರಿಸಿದಳು. ನಾನು ಅಲ್ಲೇ ನಿಂತು ದೈವೇಚ್ಛೆ, ದೈವೇಚ್ಛೆ ಎನ್ನುತ್ತಿದ್ದೆ. ಅವಳು ಒಂದು ಮೂಲೆ ತಾನೇ ಹಿಡಿದು ನನ್ನ ಕಡೆ ತಿರುಗಿದಳು.

"ಸ್ವಾಮೀ, ಬಾಯಿ ಮುಚ್ಚಿ ಆ ಮೂಲೆ ಹಿಡ್ಕಳಿ."

ನಾನು ಬಾಯಿ ಮುಚ್ಚಿದೆ. ಆ ಮೂಲೆ ಹಿಡಿದೆ. ನನಗೆ ಸಿಕ್ಕ ದೀಕ್ಷೆಗಳಲ್ಲಿ ಅದೇ ದೊಡ್ಡದು ಎಂದು ಈಗಲೂ ಎನ್ನುತ್ತೇನೆ. ದಿಬ್ಬಣದ ಮಾತು ಆಡಿ ನಗುತ್ತಿದ್ದವನೊಬ್ಬ ಮೂರನೇ ಮೂಲೆ ಹಿಡಿದ. ನಾಲ್ಕನೇ ಮೂಲೆ ನೆಲಕ್ಕೆ ಜೋಲುತ್ತಿತ್ತು. ಗೊಯ್ದಜ್ಜನ ಮಗ ಅಪ್ಪನ ಮುಖ ನೋಡಿದ, ನೆಲ ನೋಡಿದ, ಬಂದು ಹಿಡಿದ. ಗೊಯ್ದಜ್ಜ ಹಿಂದಿನಿಂದ ಶಪಿಸುತ್ತಲೇ ಇದ್ದ. ನಾವು ಓಡಿದೆವು.

ಒಡ್ಡಿನ ಮೇಲೆ ನಾಲ್ಕು ಜನ ಹಾಸು ಹಿಡಿದು ಓಡಿದರೂ ಒಬ್ಬನ ಕಾಲೂ ಕೆಸರಿಗೆ ಜಾರಲಿಲ್ಲ. ನಾನು ಓಡುತ್ತ ಕಾಲಡಿಯ ಮಣ್ಣು ನೋಡಿದೆ. ತುಳಿದು ತುಳಿದು ಗಟ್ಟಿಯಾಗಿತ್ತು. ಮೂರು ತಿಂಗಳು ಒಬ್ಬ ಹೆಂಗಸು ಬಿಸಿಲಲ್ಲಿ ಅದನ್ನು ಹೊರುವಾಗ ನಾನು ಗುಡಿಯ ನೆರಳಲ್ಲಿ ಕೂತು ಹಣೆಬರಹದ ಬಗ್ಗೆ ಮಾತಾಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ನನಗೆ ತಲೆ ಎತ್ತಲು ಆಗುವುದಿಲ್ಲ.

ದಡ ಮುಟ್ಟಿದೊಡನೆ ಹೊನ್ನಿ ಏರಿಸಿದ ಕೆಂಪು ಬಟ್ಟೆ ಕಂಡು ಅಂಬಿಗ ಬಂದ. ಆಚೆ ದಡದಲ್ಲಿ ಮೀನು ಸಾಗಿಸುವ ಟೆಂಪೊ ಇತ್ತು. ಬಂಗಡೆಯ ಬುಟ್ಟಿಗಳ ನಡುವೆ ಅವನನ್ನು ಮಲಗಿಸಿಕೊಂಡು ಹೋದೆವು. ಆಸ್ಪತ್ರೆಯ ವೈದ್ಯರು ನೋಡಿ ಕೂಡಲೇ ಔಷಧಿ ಹಾಕಿದರು. ಸಂಜೆ ಹೊರಗೆ ಬಂದು ಹೇಳಿದರು, "ಇನ್ನೊಂದು ತಾಸು ತಡವಾಗಿದ್ದರೆ ಹೆಣ ತರುತ್ತಿದ್ದಿರಿ. ಈಗಲೂ ಎದೆಯ ಒಂದು ಭಾಗ ಹೋಗಿದೆ. ಅದು ಮರಳಿ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಿ."

ಹೊನ್ನಿ ಆಗ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಗುರು ಇಲ್ಲಿಗೆ ನಿಲ್ಲಿಸಿ ಉಸಿರು ತೆಗೆದುಕೊಂಡ. ಶಿಷ್ಯ ಕೇಳಿದ, "ಆಗರದವರು ಅವನನ್ನು ಮತ್ತೆ ಸೇರಿಸಿಕೊಂಡರೇ?"

"ಎಲ್ಲಿಯ ಮಾತು! ಬೇರೆ ಯಜಮಾನನನ್ನು ಮಾಡಿಕೊಂಡರು" ಎಂದು ಗುರು ಮುಂದುವರಿಸಿದ.

ಮಳೆಗಾಲ ಕಳೆದ ಮೇಲೆ ಹಮ್ಮಣ್ಣ ನಡೆಯಲು ಶುರು ಮಾಡಿದ. ದಿನಕ್ಕೆ ಅರ್ಧ ತಾಸು ನಡೆಯಬೇಕೆಂದು ವೈದ್ಯರು ಹೇಳಿದ್ದರು. ಆ ಊರಿನಲ್ಲಿ ಕೆಸರಿಲ್ಲದೆ ನಡೆಯಲು ಇದ್ದದ್ದು ಆ ಒಡ್ಡು ಒಂದೇ. ಮೊದಲ ದಿನ ಗೊಯ್ದಜ್ಜ ಅಡ್ಡ ನಿಂತ.

"ರಾಶಿಯಿಂದ ಇಳ್ದವನಿಗೆ ಆಗರ ಇಲ್ಲ."

"ನಾನು ಆಗರದಲ್ಲಿ ಇಲ್ಲ ಅಜ್ಜ. ನನ್ನ ಹೆಂಡ್ತಿ ಕಟ್ಟಿದ ಒಡ್ಡಿನ ಮೇಲೆ ಇದ್ದೇನೆ. ಸರ್ಕೊಳಿ, ನಾನು ನಡೀಬೇಕು."

ಗೊಯ್ದಜ್ಜ ಸರಿಯಲಿಲ್ಲ. ಹಮ್ಮಣ್ಣ ಅವನನ್ನು ಬಳಸಿಕೊಂಡು ನಡೆದ. ಬಳಸಿ ಹೋಗುವಷ್ಟು ಅಗಲ ಅಲ್ಲಿ ಇತ್ತು. ಹೊಗೆಸೊಪ್ಪು ಬಿಟ್ಟ, ಬಿಡಲು ಎರಡು ತಿಂಗಳು ಒದ್ದಾಡಿದ, ನಡುವೆ ಒಮ್ಮೆ ಕದ್ದು ತಿಂದು ಸಿಕ್ಕಿಬಿದ್ದು ಬೈಸಿಕೊಂಡ. ಗುಳಿಗೆ ತಪ್ಪಿಸಲಿಲ್ಲ. ಉಪ್ಪಿಲ್ಲದ ಗಂಜಿ ಅವನಿಗೆ ಕೊನೆಯವರೆಗೂ ಸೇರಲಿಲ್ಲ. ರುಚಿ ಬಂತು ಎಂದು ಸುಳ್ಳು ಹೇಳುವ ಜಾತಿ ಅವನದಲ್ಲ. ಮುಖ ಸಿಂಡರಿಸಿಕೊಂಡೇ ಉಂಡ. ಹನ್ನೊಂದು ವರ್ಷ ಉಂಡ.

ಆ ಮುಂದಿನ ಕಾಲದಲ್ಲಿ ಆಗರದಲ್ಲಿ ಇಬ್ಬರು ಬಿದ್ದರು. ಒಬ್ಬನಿಗೆ ಬಿಸಿಲು. ಉಪ್ಪುನೀರು ಕುಡಿಸಿದರು, ಎದ್ದ. ಇನ್ನೊಬ್ಬಳು ಹೆಂಗಸು. ಬೆನ್ನು ನೋವು, ವಾಕರಿಕೆ ಎನ್ನುತ್ತಿದ್ದಳು. ಹೊನ್ನಿ ಅವಳ ಮುಖ ನೋಡಿದವಳೇ ಎತ್ತಿ ಎಂದಳು. ಈ ಸಲ ನಾಲ್ಕು ಮೂಲೆಗೆ ಹತ್ತು ಕೈ ಬಂದವು. ಆದರೂ ಆಕೆ ದೋಣಿಯಲ್ಲೇ ತೀರಿಕೊಂಡಳು. ಎಲ್ಲರೂ ಉಳಿಯುವುದಿಲ್ಲ. ಒಡ್ಡು ಅಗಲವಾದ ಮಾತ್ರಕ್ಕೆ ಸಾವು ಊರು ಬಿಟ್ಟು ಹೋಗುವುದಿಲ್ಲ. ಆದರೆ ಆ ದಿನ ದೇವಿ ಕರೆದಳು ಎಂದು ಯಾರೂ ಹೇಳಲಿಲ್ಲ. ಇನ್ನೂ ಬೇಗ ನೋಡಬೇಕಿತ್ತು ಎಂದರು. ಅದು ನನ್ನ ಕಿವಿಗೆ ಬಿದ್ದ ಮೇಲೆ ನಾನು ಆ ಗುಡಿ ಬಿಟ್ಟು ಹೊರಟೆ. ಅಲ್ಲಿ ನನ್ನ ಬೋಧನೆ ಯಾರಿಗೂ ಬೇಕಿರಲಿಲ್ಲ.

ಗುರು ಕತೆ ಮುಗಿಸಿದ. ಕೂತವರಲ್ಲಿ ಯಾರೋ ಕೆಮ್ಮಿದರು. ಶಿಷ್ಯ ಬಿಡುವವನಲ್ಲ.

"ಅಂತೂ ಹಮ್ಮಣ್ಣ ಸಾವಿಗೆ ಹೆದರಿದ ಎಂದಾಯಿತು" ಎಂದ.

"ಹೆದರಿದ. ನಾನೂ ಹೆದರುತ್ತೇನೆ. ಸಾವಿಗೆ ಅಂಜಬೇಡಿ ಎಂದೆನೇ ಹೊರತು, ಅದಕ್ಕೆ ಬಾಗಿಲು ತೆರೆದು ಮಣೆ ಹಾಕಿ ಎಂದು ನಾನು ಯಾವತ್ತೂ ಹೇಳಿಲ್ಲ. ಬರುವುದಾದರೆ ಅದು ನನ್ನೊಡನೆ ಗುದ್ದಾಡಿಯೇ ಬರಲಿ."

"ಸಾಯುವವರೆಗೂ ಗುದ್ದಾಡುತ್ತ ಕೂರುವುದಕ್ಕಿಂತ, ಬಂದದ್ದು ಬರಲಿ ಎಂದು ಸುಮ್ಮನೆ ಇದ್ದುಬಿಡುವುದು ದೊಡ್ಡದಲ್ಲವೇ?" ಎಂದು ಶಿಷ್ಯ ಕೇಳಿದ. ಅವನ ದನಿ ಮೊದಲಿಗಿಂತ ಸಣ್ಣದಾಗಿತ್ತು.

ಗುರು ಅವನನ್ನು ನೇರವಾಗಿ ನೋಡಿ ಕೇಳಿದ: "ನಿನ್ನ ಎದೆ ಎಷ್ಟು ದಿನದಿಂದ ನೋಯುತ್ತಿದೆ?"